ತ್ಯಾಗರಾಜನ ಸದ್ದಿಲ್ಲದ ಗಾಡಿ

ಪಂಚೆಯ ಜರಿ ಅಂಚಿನ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸುತ್ತಿದ್ದ ಜಯಾ, ಬೆನ್ನ ಹಿಂದೆ ಯಾರೋ ನಿಂತಂತಾಗಿ ಹೌಹಾರಿ ತಿರುಗಿದಳು. ನಿಂತಿದ್ದವಳು ಮಗಳು ಶ್ರಾವಣಿ.

"ಅಮ್ಮಾ, ವೀರಣ್ಣ ಅಂಕಲ್ ಬಂದಿದಾರೆ. ಕೆಳಗೆ ವೇಟ್ ಮಾಡ್ತಿದಾರೆ."

"ಯಾವಾಗ ಬಂದ್ರು? ನಂಗೆ ಕಾರು ಕೇಳಿಸ್ಲೇ ಇಲ್ಲ."

"ಇಟ್ಸ್ ಎಲೆಕ್ಟ್ರಿಕ್, ಅಮ್ಮಾ. ಕೇಳ್ಸಲ್ಲ."

ಗಂಡ ತ್ಯಾಗರಾಜ ಸತ್ತು ಆಗಲೇ ನಾಲ್ಕು ದಿನ. ಈ ದೇಶದಲ್ಲಿ ಸತ್ತವರೂ ಅಪಾಯಿಂಟ್‌ಮೆಂಟ್‌ಗೆ ಕಾಯಬೇಕು. ಫ್ಯೂನರಲ್ ಹೋಮಿನವರು ಮೈಗೆ ಹಾಕಲು ಸೂಟ್ ಇದ್ದರೆ ತನ್ನಿ ಎಂದಿದ್ದರು. ಮದುವೆಯ ರಿಸೆಪ್ಷನ್ನಿಗೇ ಸೂಟು ಒಲ್ಲೆನೆಂದು ಮಾವನ ಮುಖ ಊದಿಸಿದ್ದ ಮನುಷ್ಯ ಅವನು. ಈಗ ಬೇಡ ಅನ್ನಲು ಬಾಯಿಲ್ಲವೆಂದು ಹಾಕಿಬಿಡುವುದೇ? ಜಯಾ ಪಂಚೆ, ಶಲ್ಯ ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಕೆಳಗಿಳಿಯುವಾಗ ಗ್ಯಾರೇಜಿನ ಕಡೆ ನೋಡಲಿಲ್ಲ.

ವೀರಣ್ಣ ತ್ಯಾಗರಾಜನ ಜೊತೆ ಆಶ್‌ಬರ್ನಿನ ಡೇಟಾ ಸೆಂಟರಿನಲ್ಲಿ ಕೆಲಸ ಮಾಡುವವನು. ಅದಕ್ಕಿಂತ ಹೆಚ್ಚಾಗಿ ಭಾನುವಾರದ ಬೈಕ್ ಜೊತೆಗಾರ. ಕಿಟಕಿಯೇ ಇಲ್ಲದ ಆ ದೊಡ್ಡ ದೊಡ್ಡ ಕಟ್ಟಡಗಳನ್ನು ದಾಟಿ ಕಾರು ಶ್ಯಾಂಟಿಲಿಯ ಕಡೆ ಹೊರಳಿತು. ಒಳಗೆ ಎಷ್ಟು ಸದ್ದಿಲ್ಲವೆಂದರೆ, ಹಿಂದಿನ ಸೀಟಿನಲ್ಲಿ ಶ್ರಾವಣಿ ಮೂಗೊರೆಸಿಕೊಂಡದ್ದೂ ಕೇಳುತ್ತಿತ್ತು.

"ವೀರಣ್ಣಾ, ಒಂದು ಮಾತು ಕೇಳ್ತೀನಿ. ಸುಳ್ಳು ಹೇಳ್ಬೇಡಿ."

"ಕೇಳಿ."

"ಅವ್ರ ಜೀವ ಒಂದೇ ಸಲ ಹೋಯ್ತಾ? ಇಲ್ಲಾ, ಸ್ವಲ್ಪ ಹೊತ್ತು ಇತ್ತಾ?"

ವೀರಣ್ಣ ಕನ್ನಡಿಯಲ್ಲಿ ಶ್ರಾವಣಿಯ ಮುಖ ನೋಡಿದ. "ಡಾಕ್ಟ್ರು ಹೇಳಿದ್ರಲ್ಲ, ಮ್ಯಾಸಿವ್ ಅಟ್ಯಾಕ್. ಅವನಿಗೆ ಗೊತ್ತೇ ಆಗಿರಲ್ಲ."

"ಡಾಕ್ಟ್ರು ಅಲ್ಲಿದ್ರಾ?"

"ಜಯಾ, ಸುಮ್ನೆ ತಲೆ ಕೆಡಿಸ್ಕೋಬೇಡಿ."

ಕೆಟ್ಟುಹೋಗಿರುವ ತಲೆಯನ್ನು ಇನ್ನೇನು ಕೆಡಿಸಿಕೊಳ್ಳುವುದು? ನಾಲ್ಕು ದಿನದಿಂದ ಅವಳು ಬಂದವರನ್ನೆಲ್ಲ ಇದನ್ನೇ ಕೇಳಿದ್ದಳು, ಎಲ್ಲರೂ ಇದೇ ಉತ್ತರ ಕೊಟ್ಟಿದ್ದರು. ಮುಂದೆ ತನ್ನ ಮತ್ತು ಮಗಳ ವೀಸಾ ಏನಾಗುತ್ತದೋ ಎಂಬ ಭಯವೂ ಈ ಭಯದ ಮುಂದೆ ಸಣ್ಣದಾಗಿತ್ತು.

*

ತ್ಯಾಗರಾಜನ ಹಳೆಯ ಬೈಕು ಬೀದಿಯ ತಿರುವಿಗೆ ಬಂದರೆ ಸಾಕು, ಟೌನ್‌ಹೌಸಿನ ಮೇಲಂತಸ್ತಿನಲ್ಲಿದ್ದ ಅಡುಗೆಮನೆಯ ಸ್ಟೀಲ್ ಲೋಟಗಳು ಗಲಗಲ ಅನ್ನುತ್ತಿದ್ದವು. ಲೋಟ ಅಲುಗಿದರೆ ಜಯಾ ಕಾವಲಿಗೆ ಎಣ್ಣೆ ಸವರುವಳು. ತ್ಯಾಗರಾಜ ಕೆಳಗೆ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮೊದಲ ದೋಸೆ ತಟ್ಟೆಯಲ್ಲಿರುತ್ತಿತ್ತು.

ಒಂದು ದಿನ ಎದುರುಮನೆಯ ಪ್ಯಾಮ್, ನಾಯಿ ಹಿಡಿದುಕೊಂಡು ಹೊರಟಿದ್ದವಳು, ನಗುತ್ತಾ ಅಂದಳು: "ನಿನ್ನ ಗಂಡ ಮನೆಗೆ ಬಂದದ್ದು ಇಡೀ ಬೀದಿಗೇ ಗೊತ್ತಾಗುತ್ತೆ ಬಿಡು." ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ತಾವೂ ನಕ್ಕು ಒಳಗೆ ಹೋಗುತ್ತಿದ್ದರು. ಜಯಾ ಅವತ್ತೇ ಗಂಡನ ಬೆನ್ನು ಹತ್ತಿದಳು.

"ಇಲ್ಲಿ ಜನ ನಗ್ತಾ ನಗ್ತಾನೇ ಕಂಪ್ಲೇಂಟ್ ಮಾಡೋದು ರೀ. ನಾಳೆ ಅವಳು ಪೊಲೀಸ್‌ಗೆ ಕಾಲ್ ಮಾಡಿದ್ರೆ? ನಾವು ಗ್ರೀನ್ ಕಾರ್ಡ್ ಲೈನಲ್ಲಿ ನಿಂತಿರೋರು. ಒಂದ್ಸಲ ಹೆಸರು ರೆಕಾರ್ಡಿಗೆ ಹೋದ್ರೆ ಮುಗೀತು."

"ಬೈಕ್ ಸೌಂಡಿಗೆ ಯಾರೇ ಗ್ರೀನ್ ಕಾರ್ಡ್ ಕಿತ್ಕೊಳ್ತಾರೆ?"

"ನಿಮಗೇನು, ಎಲ್ಲಾ ತಮಾಷೆ. ಶ್ರಾವಣಿಗೆ ಇಪ್ಪತ್ತೊಂದು ತುಂಬೋದ್ರೊಳಗೆ ಕಾರ್ಡ್ ಬರ್ಲಿಲ್ಲ ಅಂದ್ರೆ ನಮ್ಮ ಲೈನಿಂದ ಅವಳ ಹೆಸರು ತೆಗೀತಾರೆ, ಆಮೇಲೆ ಅವಳ ಗತಿ ಏನು?"

ಮಗಳ ಹೆಸರು ಬಂದ ಮೇಲೆ ತ್ಯಾಗರಾಜ ವಾದ ಮಾಡಲಿಲ್ಲ. ಹಳೇ ಗಾಡಿ ಮಾರಿ ಎಲೆಕ್ಟ್ರಿಕ್ ಬೈಕು ತಂದ. ತಂದ ಮೇಲೆ ಅದರ ಮೋಹ ಹತ್ತಿತು. "ಓಡಿಸ್ತಾ ಇದ್ರೆ ಹಕ್ಕಿ ಕೂಗು ಕೇಳಿಸುತ್ತೆ ಕಣೇ. ಇನ್ನೊಂದಿಷ್ಟು ವರ್ಷ ತಡಿ, ರೋಡಲ್ಲಿ ಯಾವ ಗಾಡಿಗೂ ಸೌಂಡೇ ಇರಲ್ಲ," ಎನ್ನುತ್ತಿದ್ದ. ಬೆಕ್ಕಿನ ಹಾಗೆ ಮೆಟ್ಟಿಲು ಹತ್ತಿ ಬಂದು, ಬೆನ್ನ ಹಿಂದೆ ನಿಂತು "ದೋಸೆ ಎಲ್ಲಿ?" ಅನ್ನುವುದು ಅವನಿಗೊಂದು ಆಟವಾಯಿತು. ಅವಳ ಕೈಯಿಂದ ಸೌಟು ಜಾರುತ್ತಿತ್ತು. ಬೈಯುತ್ತಿದ್ದಳು, ನಗುತ್ತಲೂ ಇದ್ದಳು. ಬೀದಿಯಲ್ಲಿ ಯಾರ ಬಾಯಿಗೂ ಬೀಳದೆ ಬದುಕುತ್ತಿದ್ದೇವಲ್ಲ ಎಂಬ ನೆಮ್ಮದಿ ಅವಳದು.

ನಾಲ್ಕು ದಿನದ ಹಿಂದಿನ ಆ ಸಂಜೆಯೂ ಹಿಟ್ಟು ಕಲಸಿಟ್ಟು ಕಾದಳು. ಫೋನ್ ಮಾಡಿದಳು, ಎತ್ತಲಿಲ್ಲ; ಓಡಿಸುತ್ತಿರಬೇಕು ಅಂದುಕೊಂಡಳು. ಒಗೆದ ಬಟ್ಟೆ ಮಡಿಚಿದಳು. ತಂಗಿಯ ಜೊತೆ ವೀಡಿಯೊ ಕಾಲಿನಲ್ಲಿ ಯಾರದೋ ಗೃಹಪ್ರವೇಶದ ಸೀರೆಗಳನ್ನು ನೋಡಿದಳು. ಕಸ ಹಾಕಲು ಕೆಳಗಿಳಿದಾಗ ಗ್ಯಾರೇಜಿನ ದೊಡ್ಡ ಬಾಗಿಲು ತೆರೆದೇ ಇತ್ತು. ತ್ಯಾಗರಾಜ ಗೋಡೆಗೊರಗಿ ನೆಲದ ಮೇಲೆ ಕೂತಿದ್ದ. ಮುಟ್ಟಿದರೆ ಮೈ ತಣ್ಣಗಿತ್ತು. ಹೆಲ್ಮೆಟ್ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಒಂದೇ ಸಲ ಜೀವ ಹೋದವನು ಹೆಲ್ಮೆಟ್ ತೆಗೆದು ಮೊಳೆಗೆ ಹಾಕುತ್ತಾನೆಯೇ? ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

*

ಫ್ಯೂನರಲ್ ಹೋಮಿನಲ್ಲಿ ಕಾಲಿಟ್ಟರೆ ಹೂತುಹೋಗುವಂಥ ಕಾರ್ಪೆಟ್. ಕನ್ನಡದವರೆಲ್ಲ ಪಿಸುಗುಟ್ಟುತ್ತಿದ್ದರು. ಪುರೋಹಿತರು, ಮುಂದಿನ ಪಾರ್ಟಿಗೆ ರೂಮು ಬಿಟ್ಟುಕೊಡಬೇಕಂತೆ ಎಂದು ಮಂತ್ರವನ್ನು ಬೇಗ ಬೇಗ ಮುಗಿಸಿದರು. ಪಂಚೆ ಶಲ್ಯದಲ್ಲಿ ತ್ಯಾಗರಾಜ ಯಾರದೋ ಮದುವೆಗೆ ಬಂದು ಒಂದು ಕೋಳಿನಿದ್ದೆ ಮಾಡುತ್ತಿರುವವನಂತೆ ಕಾಣುತ್ತಿದ್ದ.

"ನೋಡಿ, ಮುಖದಲ್ಲಿ ನೋವಿನ ಗುರುತೇ ಇಲ್ಲ," ಎಂದಳು ದೇವಸ್ಥಾನದ ಪರಿಚಯದ ರಾಜಲಕ್ಷ್ಮಿ, ಜಯಾಳ ಭುಜ ಸವರುತ್ತಾ. "ನೀವು ಪುಣ್ಯ ಮಾಡಿದ್ರಿ."

ಜಯಾ ಆ ಮುಖವನ್ನೇ ನೋಡಿದಳು. ಮೇಕಪ್ ಮಾಡಿದ್ದರು. ಮೇಕಪ್ಪಿನ ಕೆಳಗೆ ಏನಿದೆಯೋ ಯಾರಿಗೆ ಗೊತ್ತು?

ಕೊನೆಯ ಸಾಲಿನಿಂದ ಪ್ಯಾಮ್ ಎದ್ದು ಬಂದಳು. ಕಪ್ಪು ಬಟ್ಟೆ, ಕೈಯಲ್ಲಿ ಬಿಳಿ ಹೂವು. ಜಯಾಳ ಎರಡೂ ಕೈ ಹಿಡಿದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳತೊಡಗಿದಳು.

"ಅವತ್ತು ಸಂಜೆ ನಾನು ಅವನನ್ನ ನೋಡಿದೆ. ಇದನ್ನ ಹೇಳಿದ್ರೆ ನಿನಗೆ ಸಮಾಧಾನ ಆಗಬಹುದು ಅಂತ ಬಂದೆ. ಗ್ಯಾರೇಜಿನಲ್ಲಿ ಗೋಡೆಗೊರಗಿ ಆರಾಮಾಗಿ ಕೂತಿದ್ದ. ನನ್ನ ನೋಡಿ ಕೈ ಎತ್ತಿದ. ನಾನೂ ಕೈ ಬೀಸಿದೆ. ನಾಯಿ ಸುತ್ತಾಡಿಸ್ಕೊಂಡು ವಾಪಸ್ ಬರುವಾಗಲೂ ಹಾಗೇ ಕೂತಿದ್ದ. ಮತ್ತೆ ಕೈ ಎತ್ತಿದ. ಎಷ್ಟು ಸ್ನೇಹದ ಮನುಷ್ಯ."

ಪಕ್ಕದಲ್ಲಿದ್ದ ವೀರಣ್ಣನ ಮುಖ ಬಿಳಿಚಿಕೊಂಡಿತು. "ಥ್ಯಾಂಕ್ಯೂ ಪ್ಯಾಮ್, ಥ್ಯಾಂಕ್ಯೂ," ಎನ್ನುತ್ತಾ ಅವಳ ತೋಳು ಹಿಡಿದು ಆಚೆ ಕರೆದುಕೊಂಡು ಹೋದ. ಏನು ತಪ್ಪಾಯಿತೆಂದು ಪ್ಯಾಮ್‌ಗೆ ತಿಳಿಯಲಿಲ್ಲ.

ಶ್ರಾವಣಿ ಅಳುತ್ತಲೇ ನಕ್ಕಳು. ನಾಲ್ಕು ದಿನದಲ್ಲಿ ಅದೇ ಮೊದಲು. "ಅಮ್ಮಾ, ಅಪ್ಪ ವೇವ್ ಮಾಡಿದ್ರಂತೆ. ಹೀ ವಾಸ್ ಓಕೆ. ತುಂಬಾ ನೋವಾಯ್ತೇನೋ ಅಂತ ಐ ವಾಸ್ ಸೋ ಸ್ಕೇರ್ಡ್."

ಜಯಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾಯಿಯನ್ನು ಒಂದು ಸುತ್ತು ಹಾಕಿಸಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತೂ ಅವನು ಅಲ್ಲಿ ಬದುಕಿದ್ದ. ಅವನ ತಲೆಯ ಮೇಲಿನ ಅಂತಸ್ತಿನಲ್ಲೇ ಸೀರೆ ನೋಡುತ್ತಾ ನಿಂತಿದ್ದವಳು ತಾನು. ಕೂಗಲು ದನಿ ಬರದೆ ಅವನು ಕೈ ಎತ್ತಿದ್ದ, ಒಂದಲ್ಲ, ಎರಡು ಸಲ. ಆ ಹಳೇ ಗಾಡಿ ಇದ್ದಿದ್ದರೆ ಲೋಟ ಅಲುಗುತ್ತಿತ್ತು. ಅವನು ಮೇಲೆ ಬಾರದಿದ್ದರೆ, ದೋಸೆ ಆರುತ್ತದೆಂದು ಅವಳು ಕೆಳಗಿಳಿದು ನೋಡುತ್ತಿದ್ದಳು. ಆ ಗಾಡಿಯನ್ನು ಮಾರಿಸಿದವಳು ತಾನೇ.

"ಅಮ್ಮಾ? ಸೇ ಸಮ್‌ಥಿಂಗ್."

"ಹೂಂ ಕಂದಾ," ಎಂದಳು ಜಯಾ. "ವೇವ್ ಮಾಡಿದ್ರಂತೆ."

ಕ್ರೆಮೇಷನ್ ಕೋಣೆಗೆ ಮೂವರೇ ಹೋದರು. ಪೆಟ್ಟಿಗೆ ಒಳಗೆ ಸರಿಯಿತು, ಸ್ಟೀಲ್ ಬಾಗಿಲು ಇಳಿಯಿತು. ಗಂಡುಮಗನಿಲ್ಲದ್ದರಿಂದ ಗುಂಡಿ ಒತ್ತುವವಳು ಶ್ರಾವಣಿಯೇ. ವೀರಣ್ಣ ಅವಳ ಬೆರಳ ಮೇಲೆ ತನ್ನ ಬೆರಳಿಟ್ಟ. ಹಸಿರು ದೀಪ ಹತ್ತಿತು.

ಜಯಾ ಕಾದಳು. ಏನೂ ಕೇಳಿಸಲಿಲ್ಲ.

"ಆನ್ ಆಯ್ತಾ?" ಎಂದು ಅಲ್ಲೇ ನಿಂತಿದ್ದ ಕೆಲಸದವನನ್ನು ಕೇಳಿದಳು.

ಆಗಿದೆ ಎಂದು ಅವನು ತಗ್ಗಿದ ದನಿಯಲ್ಲಿ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. ಇದು ಹೊಸ ಮಾಡೆಲ್ಲು, ಹಳೆಯವುಗಳ ಹಾಗೆ ಸದ್ದು ಮಾಡುವುದಿಲ್ಲ.

ಜಯಾ ಮುಂದೆ ಹೋಗಿ ಅಂಗೈಯಿಂದ ಆ ಬಾಗಿಲನ್ನು ಬಡಿದಳು. "ರೀ," ಎಂದು ಕೂಗಿದಳು. ಈ ದೇಶಕ್ಕೆ ಬಂದ ಮೇಲೆ ಅವಳು ಅಷ್ಟು ಜೋರಾಗಿ ದನಿ ಎತ್ತಿದ್ದೇ ಇಲ್ಲ. "ರೀ, ಇಲ್ಲಿದೀನಿ. ಬಂದೆ."

ಶ್ರಾವಣಿ ಹೆದರಿ ವೀರಣ್ಣನ ತೋಳು ಹಿಡಿದುಕೊಂಡಳು. ಕೆಲಸದವನು ತುಟಿಯ ಮೇಲೆ ಬೆರಳಿಟ್ಟು, ಪಕ್ಕದ ಕೋಣೆಯಲ್ಲಿ ಇನ್ನೊಂದು ಮನೆಯವರು ಕೂತಿದ್ದಾರೆಂದು ಗೋಡೆಯ ಕಡೆ ತೋರಿಸಿದ. ಜಯಾ ಅವನ ಬೆರಳನ್ನೇ ನೋಡುತ್ತಾ ಇನ್ನೊಮ್ಮೆ ಬಡಿದಳು, ಇನ್ನೊಮ್ಮೆ ಕೂಗಿದಳು, ಮೊದಲಿಗಿಂತ ಜೋರಾಗಿ.