ವಾರಂಟು ಯಾರ ಕಾಗದ

ಬಾಸಿಲ್ ಎದ್ದು ನಿಂತಾಗ ಅವನ ಹೊಸ ಗೌನು ಸರ್ರೆಂದಿತು, ಬಟ್ಟೆ ಒಳ್ಳೆಯದೇ, ಮದ್ರಾಸಿನಿಂದ ತರಿಸಿದ್ದಿರಬೇಕು, ಕೋರ್ಟಿನಲ್ಲಿ ಅವನ ಬೆನ್ನ ಹಿಂದೆಯೇ ಕೂತ ಮೋಹನದಾಸರು ತಮ್ಮ ಗೌನಿನ ತೋಳು ನೋಡಿಕೊಂಡರು, ಕಪ್ಪು ಹೋಗಿ ಪಾಚಿಯ ಬಣ್ಣ ಬಂದಿದೆ — ಮೊನ್ನೆ ಮೊನ್ನೆಯವರೆಗೂ ತನ್ನ ಕೈಕೆಳಗೆ ಜೂನಿಯರ್ ಆಗಿದ್ದವನು, ಅರ್ಜಿಗೆ ಒಕ್ಕಣೆ ಹೇಗೆ ಎಂಬುದನ್ನೂ ತಾನೇ ಕಲಿಸಿದ್ದು, ಈಗ ನೋಡಿದರೆ ಹೊಸದಾಗಿ ಬಂದ ಮ್ಯಾಜಿಸ್ಟ್ರೇಟರು ಇವನ ಕಡೆ ತಿರುಗುವಾಗಲೇ ಅರ್ಧ ನಗುತ್ತಾರೆ, ತನ್ನ ಕಡೆ ನೋಡಿ ಒಂದು ದಿನ ನಕ್ಕಿದ್ದುಂಟೇ, ಬೆಳಿಗ್ಗೆ ಹೆಂಡತಿ ಹೇಮಾಕ್ಷಿ ಕೂಡ ಗಂಜಿ ಬಡಿಸುತ್ತ, ನಿಮ್ಮ ಬಾಸಿಲನ ಹೆಸರು ಈಗ ಪೇಟೆಯಲ್ಲೆಲ್ಲ ಕೇಳ್ತದೆ ಅಲ್ವಾ, ಎಂದಳು, ನಿಮ್ಮ ಬಾಸಿಲ್ ಅಂತೆ, ಬಟ್ಟಲನ್ನು ಅರ್ಧಕ್ಕೇ ಸರಿಸಿ ಎದ್ದದ್ದಾಯಿತು. ಎಲ್ಲಕ್ಕಿಂತ ಉರಿಯುವುದು ಆ ಕಟಕಟೆಯಲ್ಲಿ ನಿಂತ ಅಹ್ಮದ್ ಬಾವನನ್ನು ಕಂಡು, ಬಂದರಿನ ಅಕ್ಕಿ ವ್ಯಾಪಾರಿ, ಪೊಲೀಸರು ಮನೆ ಶೋಧಿಸಿದ ಮರುದಿನ ಅವನು ಮೊದಲು ಬಂದದ್ದು ತನ್ನ ಹತ್ತಿರವೇ ತಾನೆ — ವಕೀಲರೇ, ಮಗಳ ನಿಖಾದ ಊಟಕ್ಕೆ ಇಟ್ಟ ಅಕ್ಕಿಮುಡಿ ಅದು, ಸರಕಾರದ ಅಕ್ಕಿ ಕಂಟ್ರೋಲು ತಪ್ಪಿಸಿ ಬಚ್ಚಿಟ್ಟದ್ದು ಅಂತ ಹೇಳ್ತಾರೆ, ವಾರಂಟಿನಲ್ಲಿ ಇದ್ದದ್ದು ಗೋದಾಮಿನ ಹೆಸರು ಮಾತ್ರ, ನಾನೇ ಓದಿದ್ದೇನೆ, ಅವರು ನುಗ್ಗಿದ್ದು ಮನೆಯ ಹೆಂಗಸರ ಕೋಣೆಗೆ, ಆ ವಾರಂಟನ್ನು ಕೋರ್ಟಿಗೆ ತರಿಸಿ. ತಾನು ಹೇಳಿದ್ದು, ಬೇಡ ಬಾವ, ಯುದ್ಧಕಾಲ, ಪೊಲೀಸರನ್ನು ಕೆಣಕಬಾರದು, ತಪ್ಪು ಒಪ್ಪಿ ದಂಡ ಕಟ್ಟಿ ಮನೆಗೆ ಹೋಗಿ. ಮೆಟ್ಟಿಲಿಳಿದವನು ನೇರ ಹೋದದ್ದು ಬಾಸಿಲನ ಆಫೀಸಿಗೆ, ಅಷ್ಟರಲ್ಲಿ ಪೊಲೀಸರು ಅವನನ್ನು ಹಿಡಿದೂ ಆಯಿತು.

ಬಾಸಿಲ್ ಚೆನ್ನಾಗಿಯೇ ಹೇಳುತ್ತಿದ್ದಾನೆ, ಅದೇ ಸಂಕಟ, ವಾರಂಟು ಹಾಜರುಪಡಿಸಲಿ ಸ್ವಾಮಿ, ಮನೆಯ ಹೆಸರು ಅದರಲ್ಲಿ ಇಲ್ಲದಿದ್ದರೆ ಈ ಶೋಧನೆಗೆ ಬೆಲೆ ಎಂತ ಉಂಟು, ಜಾಮೀನಿಗೆ ಅಡ್ಡಿ ಎಂತ ಉಂಟು — ಹಿಂದಿನ ಬೆಂಚಿನಲ್ಲಿ ಯಾರೋ ಶಭಾಷ್ ಎಂದ ಹಾಗಾಯಿತು, ಸೋಲಲಿ, ಒಂದು ಸಲ ಸೋತು ನೋಡಲಿ. ಸರಕಾರದ ಪರವಾಗಿ ಪೂವಪ್ಪ ಎದ್ದ, ನಿಧಾನದ ಮನುಷ್ಯ, ಹಳೇ ಹುಲಿ, ವಾರಂಟು ಪೊಲೀಸರ ತನಿಖೆಯ ಕೇಸ್ ಡೈರಿಯೊಳಗೆ ಸೇರಿದೆ ಸ್ವಾಮಿ, ಡೈರಿಯನ್ನು ಆರೋಪಿಗೆ ತೋರಿಸಬಾರದು ಅಂತ ಕಾನೂನೇ ಉಂಟು. ಮ್ಯಾಜಿಸ್ಟ್ರೇಟರ ಮುಖದ ನಗು ಹೋಯಿತು, ಇದಕ್ಕೆ ಎಂತ ಹೇಳ್ತೀರಿ? ಬಾಸಿಲ್ ಪುಟ ಮಗುಚಿದ, ಮತ್ತೆ ಮಗುಚಿದ, ಕತ್ತಿನ ಹಿಂದೆ ಬೆವರು, ಅಯ್ಯೋ ಪೆದ್ದ, ಪುಸ್ತಕದಲ್ಲಿ ಹುಡುಕುವುದೆಂತದ್ದು, ವಾರಂಟು ಪೊಲೀಸರ ಕಾಗದವೇ ಅಲ್ಲ, ಕೋರ್ಟಿನ ಕಾಗದ, ಜಾರಿಯಾದ ಮೇಲೆ ಹೊರಡಿಸಿದ ಕೋರ್ಟಿಗೇ ವಾಪಸು ಬರಬೇಕಾದದ್ದು, ಡೈರಿಯೊಳಗೆ ತುರುಕಿದರೆ ಅದು ಡೈರಿಯಾಗುತ್ತದೆಯೇ — ಇಷ್ಟು ಹೇಳಿದರೆ ಪೂವಪ್ಪ ಕೂತುಕೊಳ್ಳಬೇಕು. ಆಗ ಬಾಸಿಲ್ ತಿರುಗದೆಯೇ ಎಡಗೈಯನ್ನು ಬೆನ್ನ ಹಿಂದೆ ಚಾಚಿದ, ಅಂಗೈ ಮೇಲೆ ಮಾಡಿ, ನೇರ ಮೋಹನದಾಸರ ಮುಂದೆ. ತಾವು ವಾದಿಸುವಾಗ ಹೀಗೆಯೇ ಚಾಚುತ್ತಿದ್ದರು, ಬೇಕಾದ ಪುಸ್ತಕವನ್ನು ಬಾಸಿಲ್ ಕೈಗಿಡುತ್ತಿದ್ದ, ಒಂದು ಸಲವೂ ತಪ್ಪಲಿಲ್ಲ. ಜೇಬಿನಲ್ಲಿ ಪೆನ್ಸಿಲ್ ಉಂಟು, ಎರಡು ಶಬ್ದ ಬರೆದರೆ ಸಾಕು, ಬರೆದರೆ ನಾಳೆ ಪೇಟೆ ತುಂಬ ಬಾಸಿಲ್ ಗೆದ್ದ, ಬಾಸಿಲ್ ಗೆದ್ದ, ಹೇಮಾಕ್ಷಿ ಗಂಜಿ ಬಡಿಸುತ್ತ — ಮೋಹನದಾಸರು ಕನ್ನಡಕ ತೆಗೆದು ಒರೆಸತೊಡಗಿದರು, ಒಂದು ಗಾಜು, ಇನ್ನೊಂದು ಗಾಜು, ತಲೆ ಎತ್ತಲಿಲ್ಲ.

ಅರ್ಜಿ ವಜಾ, ಜಾಮೀನು ಇಲ್ಲ, ಎಂಬುದು ಎಲ್ಲೋ ದೂರದಿಂದ ಕೇಳಿದ ಹಾಗೆ ಕೇಳಿತು, ಕಾನ್ಸ್‌ಟೇಬಲ್ ಬಾವನ ತೋಳು ಹಿಡಿದ, ಬಾಗಿಲಲ್ಲಿ ಬಾವನ ಹೆಂಡತಿ ನಬೀಸಾ ಬಾಸಿಲನನ್ನು ತಡೆದು ನಿಲ್ಲಿಸಿದಳು, ಶುಕ್ರವಾರ ನಿಖಾ ಅಲ್ವಾ ವಕೀಲರೇ, ಹೆತ್ತ ಬಾಪ ಇಲ್ಲದೆ ಮಗಳನ್ನು ಯಾರು ಕೈ ಹಿಡಿದು ಕೊಡುವುದು? ಅವಳಿಗೆ ಕೈಮುಗಿದು ಬಾಸಿಲ್ ವರಾಂಡಕ್ಕೆ ಬಂದ, ಮುಖ ಬಾಡಿತ್ತು, ಈಗ ಸಂತೋಷವಾಗಬೇಕು, ಎಷ್ಟು ದಿನದಿಂದ ಕಾದ ಮುಖ ಇದು, ಎಲ್ಲಿ ಸಂತೋಷ — ನಿಮ್ಮ ಹತ್ತಿರ ಕೇಳಿಯೇ ಬರಬೇಕಿತ್ತು ಸರ್, ನಿಮ್ಮಿಂದ ಕೇಸು ಕಸಿದ ಹಾಗಾಯ್ತಲ್ಲ ಅಂತ ನಾಚಿಕೆಯಾಗಿ ಬರಲಿಲ್ಲ, ತಪ್ಪು ನನ್ನದೇ, ಎಂದ. ಹೇಳಬಹುದು, ಈಗಲೂ ಹೇಳಬಹುದು, ಮೇಲೆ ಸೆಶನ್ಸ್ ಕೋರ್ಟು ಉಂಟು, ಶುಕ್ರವಾರಕ್ಕೆ ಇನ್ನೂ ಹೊತ್ತುಂಟು, ವಾರಂಟು ಕೋರ್ಟಿನ ಕಾಗದ ಬಾಸಿಲ್, ನಾಲ್ಕೇ ಶಬ್ದ, ನಾಲಿಗೆಯ ತುದಿಯಲ್ಲೇ ಇವೆ, ಆದರೆ ಹೇಳಿದರೆ, ಆಗಲೇ ಗೊತ್ತಿತ್ತಾ ಸರ್, ಎಂದು ಅವನು ಕೇಳಿಯೇ ಕೇಳುತ್ತಾನೆ, ಇರಲಿ ಬಾಸಿಲ್, ಇದೆಲ್ಲ ಆಗ್ತದೆ, ಎಂದರು ಮೋಹನದಾಸರು, ಅವನು ತಲೆಬಾಗಿಸಿ ಮೆಟ್ಟಿಲಿಳಿದು ಕೋರ್ಟು ನಿಂತ ಬಾವುಟಗುಡ್ಡೆಯ ಬಿಸಿಲಿಗೆ ಹೋದ, ಎರಡು ಕೈಯಲ್ಲೂ ಪುಸ್ತಕ ಅವುಚಿಕೊಂಡು ಹೋದ, ಆದರೂ ಇಲ್ಲಿ, ಮೋಹನದಾಸರ ಎದೆಯ ಎತ್ತರಕ್ಕೆ, ಆ ಎಡಗೈ, ಬೆವರಿದ ಅಂಗೈ, ಚಾಚಿದ್ದು ಚಾಚಿದ ಹಾಗೆಯೇ, ತೆರೆದದ್ದು ತೆರೆದ ಹಾಗೆಯೇ