ಗರಿಯೊಳಗಿನ ಸೀಸ

ಬೆಳಿಗ್ಗೆ ಆರೂವರೆಗೆ ಹೆಮ್ಮಿಗೆಯ ರಂಗನಾಯಕ ತೀರಿಕೊಂಡ. ವಯಸ್ಸು ಐವತ್ತೊಂದು. ಏಳು ಗಂಟೆಗೆಲ್ಲ ಹೆರಿಗೆಗೆಂದು ಬಂದಿದ್ದ ಮಗಳು ಶಾಂತಿಯನ್ನು ಎದುರುಮನೆಗೆ ಸಾಗಿಸಿದರು. ಬಸುರಿ ಹೆಣ ನೋಡಬಾರದು. ಹೆಣ ಮುಟ್ಟಿದವರು ಅವಳ ಹತ್ತಿರ ಹೋಗಬಾರದು.

"ಮೊಕನಾದ್ರೂ ನೋಡ್ತೀನಿ ಬುಡಿ," ಎಂದು ಶಾಂತಿ ಅತ್ತಳು.

"ಒಟ್ಟೇಲಿರೋದ್ರ ಗ್ಯಾನ ಮಾಡವ್ವ," ಎಂದು ಎದುರುಮನೆಯ ಸಣ್ಣತಾಯಮ್ಮ ಬಾಗಿಲು ಮುಂದೆಮಾಡಿದಳು.

ಹತ್ತು ಗಂಟೆಗೆ ನಂಜನಗೂಡಿನಿಂದ ನಾಗೇಂದ್ರ ಬಂದರು. ಬ್ಯಾಟರಿ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಭಾನುವಾರ ಕಾವೇರಿಯಲ್ಲಿ ಗಾಳ ಹಾಕುವವರು. ರಂಗನಾಯಕ ಕಟ್ಟಿದ ಗರಿಯ ಗಾಳಗಳನ್ನು ಮೈಸೂರಿನ ಶೋಕಿದಾರರಿಗೆ ಮುಟ್ಟಿಸುತ್ತಿದ್ದವರೂ ಅವರೇ.

*

ಕಟ್ಟುವುದನ್ನು ಕಲಿಸಿದ್ದೂ ಅವರೇ, ತೊಂಬತ್ತಾರರಲ್ಲಿ. ಕೊಕ್ಕೆಗೆ ಕೋಳಿಗರಿ ಸುತ್ತಿ, ದಾರ ಬಿಗಿದು, ಹುಳುವಿನಂತೆ ಕಾಣಿಸಬೇಕು. ಮೊದಲ ಗಾಳ ನೀರಿನ ಮೇಲೆಯೇ ತೇಲಿತು.

"ಮೀನಿರೋದು ತಳದಲ್ಲಿ, ನಿಮ್ ಉಳ ಆಕಾಸ ನೋಡ್ಕಂಡು ಓಯ್ತದಲ್ಲ ಸಾ," ಎಂದು ರಂಗನಾಯಕ ನಕ್ಕಿದ್ದ.

ನಾಗೇಂದ್ರ ಗರಿಯ ಕೆಳಗೆ ಸೀಸದ ತಂತಿ ಸುತ್ತಿ ತೋರಿಸಿದರು. ತಂತಿ ಕತ್ತರಿಸಿ ಅದುಮಲು ಇಕ್ಕಳ ಕೊಟ್ಟು ಹೋದರು. ಇಕ್ಕಳದಲ್ಲಿ ದಾರ ಹರಿಯುತ್ತಿತ್ತು. ರಂಗನಾಯಕ ತಂತಿಯನ್ನು ಬಾಯಿಗಿಟ್ಟ; ಹಲ್ಲಿಗೆ ಹದ ತಿಳಿಯಿತು. ಇಕ್ಕಳ ಹೆಂಡತಿ ಮಂಚಮ್ಮನ ಒಲೆಯ ಪಕ್ಕ ಸೇರಿತು. ಮುಂದೆ ಶಾಲೆ ಬಿಟ್ಟು ಮನೆಯಲ್ಲಿದ್ದ ಶಾಂತಿ ಅಪ್ಪನನ್ನು ನೋಡಿಯೇ ಕಲಿತಳು.

*

"ಏನಾಗಿತ್ತು ಚೆಲುವರಾಜು?" ನಾಗೇಂದ್ರ ಸತ್ತವನ ತಮ್ಮನನ್ನು ಕೇಳಿದರು.

"ವರ್ಸದಿಂದ ಒಟ್ಟೆನೋವು ಸಾ. ಆಮೇಕೆ ಮಣಿಕಟ್ಟು ಜೋತುಬಿತ್ತು, ಲೋಟ ಎತ್ತಕಾಯ್ತಿರ್ನಿಲ್ಲ. ಗಾಳಿ ಸೋಕ್ಯದೆ ಅಂತ ತಾಯ್ತ ಕಟ್ಟುಸ್ದೊ. ಕಡೇಲಿ ಫಿಟ್ಸ್ ಬಂತು."

ಅಂಥ ಕೈಯನ್ನು ನಾಗೇಂದ್ರ ಕಾರ್ಖಾನೆಯಲ್ಲಿ ಸೀಸ ಕರಗಿಸುತ್ತಿದ್ದವನೊಬ್ಬನಲ್ಲಿ ಒಮ್ಮೆ ನೋಡಿದ್ದರು.

"ಸೀಸಾನ ಇಕ್ಕಳದಲ್ಲೇ ತಾನೆ ಕತ್ತರಿಸ್ತಿದ್ದದ್ದು?"

"ಇಕ್ಕಳದಲ್ಲಿ ಅತ್ಗೆ ಪಾತ್ರೆ ಇಳುಸ್ತಾಳೆ. ಅಣ್ಣುಂಗೆ ಬಾಯೇ ಕತ್ರಿ ಸಾ."

"ಅದು ವಿಷ ಕಣಯ್ಯ. ರಕ್ತಕ್ಕೇ ಸೇರುತ್ತೆ."

ಹೆಣದ ತಲೆಯ ಬಳಿ ಕೂತಿದ್ದ ಮಂಚಮ್ಮನ ಅಳು ನಿಂತಿತು.

"ಶಾಂತಿನೂ ಅಂಗೇ ಕಚ್ಚೋದು ಸಾ. ಮೊನ್ನೆಗಂಟ ಕಚ್ಚವ್ಳೆ. ಒಟ್ಟೇಲಿರೋ ಕೂಸ್ಗೂ ಓಯ್ತದಾ?"

ಏಳಹೋದ ಮಂಚಮ್ಮನನ್ನು ಹೆಂಗಸರು ಹಿಡಿದು ಕೂರಿಸಿದರು. ಹೆಣ ಎತ್ತುವ ಮುಂಚೆ ಹೆಂಡತಿ ಏಳುವಂತಿಲ್ಲ. ಚೆಲುವರಾಜು ಎದುರುಮನೆಗೆ ಓಡಿದ.

ಸಣ್ಣತಾಯಮ್ಮ ಹೊಸಿಲಲ್ಲೇ ಕೈ ಅಡ್ಡ ಹಾಕಿದಳು. "ಎಣ ಮುಟ್ಟವ್ನು ಒಳೀಕೆ ಬರ್ಬ್ಯಾಡ ಕಣ್ಲಾ!"

ಕಿಟಕಿಯಲ್ಲಿ ಶಾಂತಿ ಕಂಡಳು. ಅಪ್ಪ ಅರ್ಧಕ್ಕೆ ಬಿಟ್ಟಿದ್ದ ಗಾಳ ಅವಳ ಕೈಯಲ್ಲಿತ್ತು. ತಂತಿಯ ತುದಿ ಹಲ್ಲಿನ ನಡುವೆ ಇತ್ತು.

"ಉಗಿಯವ್ವ!" ಚೆಲುವರಾಜು ಬೀದಿಯಿಂದಲೇ ಕೂಗಿದ. "ಉಗ್ದು ಬಾಯಿ ತೊಳ್ಕೊ!"

"ಅಪ್ಪುಂದು ಇದೊಂದೇ ಉಳ್ಕಂಡದೆ ಚಿಕ್ಕಪ್ಪ," ಎಂದು ಶಾಂತಿ ತಂತಿಯನ್ನು ಕಡಿದಳು.

ಮೂರನೆಯ ದಿನ ಅವಳನ್ನು ಮೊದಲ ಬಸ್ಸಿಗೆ ತಿ. ನರಸೀಪುರಕ್ಕೆ ಕರೆದೊಯ್ದರು. ರಕ್ತದಲ್ಲಿ ಸೀಸ ನೋಡುವ ಪರೀಕ್ಷೆ ಆ ಊರಿನಲ್ಲಿ ಇರಲಿಲ್ಲ. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, ನೋವು ಬಂದಾಗ ಬನ್ನಿ ಎಂದರು.