ಮೆಟ್ಟಿಲ ಕೆಳಗಿನ ಹಾವು

ಡೆಲ್ಮರ್ ಅಣ್ಣ ಪ್ರತಿ ಗುರುವಾರ ಮಧ್ಯಾಹ್ನ ನಾನು ಕೆಲಸ ಮಾಡುವ ದೊಡ್ಡ ಅಂಗಡಿಗೆ, ನನ್ನ ಕೌಂಟರಿಗೆ ಬಂದು ಒಂದೇ ಮಾತು ಕೇಳುತ್ತಿದ್ದ.

"ಬಂತಾ, ರೆಟಾ?"

"ಇಲ್ಲ ಅಣ್ಣ. ಈ ವಾರನೂ ಬಂದಿಲ್ಲ."

"ಸರಿ ಬಿಡು."

ಅವನು ಕೇಳುತ್ತಿದ್ದದ್ದು ತನ್ನ ಹಳೆಯ ಪಿಸ್ತೂಲಿನ ತೋಟಾ. ಅವು ಬಂದಿರುತ್ತಿದ್ದವು. ನನ್ನ ಬೆನ್ನ ಹಿಂದಿನ ಗಾಜಿನ ಕಪಾಟಿನಲ್ಲಿ, ಎಲ್ಲಕ್ಕಿಂತ ಕೆಳಗಿನ ಅಂಕಣದಲ್ಲಿ, ಬೇಟೆಯವರು ಹಾಕಿಕೊಳ್ಳುವ ಕಿತ್ತಳೆ ಟೋಪಿಗಳ ಹಿಂದೆ ಇರುತ್ತಿದ್ದವು. ಅಲ್ಲಿಗೆ ಸರಿಸಿದವಳು ನಾನೇ. ಕಪಾಟಿನ ಬೀಗದ ಕೈ ನನ್ನ ಮಣಿಕಟ್ಟಿಗೆ ಹಾಕಿಕೊಂಡ ಪ್ಲಾಸ್ಟಿಕ್ ಸುರುಳಿಯಲ್ಲೇ ತೂಗುತ್ತಿತ್ತು.

ಅಣ್ಣ ಒಂದಿಷ್ಟು ಹೊತ್ತು ಗಾಳದ ದಾರಗಳನ್ನು ನೋಡುತ್ತ ನಿಲ್ಲುತ್ತಿದ್ದ. ಆಮೇಲೆ ಕಾಫಿಪುಡಿಯ ಡಬ್ಬಿಯನ್ನೋ, ಬಲ್ಬನ್ನೋ ತೆಗೆದುಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದ. ಅವನ ಅಂಗಿಗೆ ಇಸ್ತ್ರಿ ಇರುತ್ತಿರಲಿಲ್ಲ. ಅತ್ತಿಗೆ ಕೊಲೀನ್ ಇದ್ದಾಗ ಅವನು ದನದ ಸಂತೆಗೆ ಹೋಗುವಾಗಲೂ ಕಾಲರು ಗರಿಗರಿ ಇರುತ್ತಿತ್ತು.

ಅತ್ತಿಗೆ ಹೋದದ್ದು ಚಳಿಗಾಲದ ಕೊನೆಯಲ್ಲಿ. ಮಣ್ಣು ಮಾಡಿದ ವಾರ ಅವಳ ಬಟ್ಟೆ ಮಡಿಸಿಡುವ ನೆಪದಲ್ಲಿ ಅವರ ಮನೆಗೆ ಹೋದವಳು, ಮಂಚದ ಪಕ್ಕದ ಡ್ರಾಯರಿನಲ್ಲಿದ್ದ ತೋಟಾ ಪೆಟ್ಟಿಗೆಯನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡು ಬಂದೆ. ಪಿಸ್ತೂಲನ್ನು ಮುಟ್ಟುವ ಧೈರ್ಯ ಆಗಲಿಲ್ಲ. ನಮ್ಮ ಕಡೆ ಗಂಡಸಿನ ಬಂದೂಕನ್ನು ಅವನಿಗೆ ಹೇಳದೆ ಎತ್ತಿಕೊಂಡು ಬರುವುದೆಂದರೆ, ನೀನು ಇನ್ನು ಗಂಡಸಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ.

ಬೇಸಿಗೆಯಲ್ಲಿ ಅವನು ಒಂದೊಂದಾಗಿ ಸಾಮಾನು ಹಂಚತೊಡಗಿದ. ಜಿಂಕೆ ಬೇಟೆಯ ಬಂದೂಕು, ಹಕ್ಕಿ ಹೊಡೆಯುವ ಬಂದೂಕು ಎರಡನ್ನೂ ನನ್ನ ಗಂಡ ರಾಯ್ಸ್‌ಗೆ ಕೊಟ್ಟ. "ನನಗಿನ್ನು ಬೇಟೆ ಸಾಕಪ್ಪ" ಅಂದ. ಅತ್ತಿಗೆಯ ಪಿಂಗಾಣಿ ತಟ್ಟೆಗಳು ನನ್ನ ಮಗಳು ಕ್ಯಾಸಿಗೆ ಬಂದವು. ಕೊನೆಗೆ ನಾಯಿಯನ್ನೂ ಪಕ್ಕದ ಹೊಲದ ಹೂಬರ್ಟನಿಗೆ ಕೊಟ್ಟುಬಿಟ್ಟ. ಟ್ರಾಕ್ಟರಿನಲ್ಲಿ ಪಕ್ಕಕ್ಕೇ ಕೂರಿಸಿಕೊಂಡು ಓಡಾಡುತ್ತಿದ್ದ ನಾಯಿ ಅದು. ಆವತ್ತು ನಾನು ಬಟ್ಟೆ ಒಣಹಾಕುತ್ತಿದ್ದೆ. ರಾಯ್ಸ್ ಬಂದು ಸುದ್ದಿ ಹೇಳಿದಾಗ ಕೈಯಲ್ಲಿದ್ದ ಒದ್ದೆ ಟವೆಲ್ಲನ್ನು ಹಾಗೇ ಹಿಡಿದು ನಿಂತುಬಿಟ್ಟೆ.

"ಮಾತಾಡಿಸು ಅವನನ್ನ" ಅಂದ ರಾಯ್ಸ್.

"ಏನಂತ ಮಾತಾಡಿಸ್ಲಿ?"

ಅವನಿಗೂ ಗೊತ್ತಿರಲಿಲ್ಲ. ಹಾಗಾಗಿ ನಾನು ಗುರುವಾರ ಗುರುವಾರ 'ಬಂದಿಲ್ಲ' ಅನ್ನುತ್ತಲೇ ಇದ್ದೆ.

ಸೆಪ್ಟೆಂಬರಿನಲ್ಲಿ ಕಂಪನಿಯ ದೊಡ್ಡವರಿಂದ ಆಜ್ಞೆ ಬಂತು. ಆ ಬೇಸಿಗೆಯಲ್ಲಿ ದೂರದ ಊರೊಂದರಲ್ಲಿ ಒಬ್ಬ ಹುಡುಗ ಅಂಗಡಿಗೆ ನುಗ್ಗಿ ಜನರನ್ನು ಕೊಂದಿದ್ದ. ಟಿವಿಯಲ್ಲಿ ಅದೇ ಅದೇ ತೋರಿಸಿ ನಮಗೆಲ್ಲ ಕಣ್ಣು ಸೋತಿದ್ದವು. ಇನ್ನು ಮೇಲೆ ಪಿಸ್ತೂಲಿನ ತೋಟಾ, ಸೈನಿಕರ ಬಂದೂಕಿನಂಥವಕ್ಕೆ ಹಾಕುವ ತೋಟಾ ಯಾವುದನ್ನೂ ನಮ್ಮ ಅಂಗಡಿಗಳಲ್ಲಿ ಮಾರುವುದಿಲ್ಲ, ಇರುವ ದಾಸ್ತಾನು ಮುಗಿದರೆ ಮುಗಿಯಿತು, ಜಿಂಕೆಯದೂ ಹಕ್ಕಿಯದೂ ಮಾತ್ರ ಉಳಿಯುತ್ತವೆ ಅಂತ. ಓದಿದಾಗ ನನಗೆ ಕಾಲು ಚಾಚಿ ಕೂತಷ್ಟು ಹಗುರವಾಯಿತು. ಇನ್ನು ನಾನು ಸುಳ್ಳು ಹೇಳಬೇಕಿಲ್ಲ, ಕಂಪನಿಯೇ ನನ್ನ ಪರವಾಗಿ 'ಇಲ್ಲ' ಅನ್ನುತ್ತದೆ ಅಂದುಕೊಂಡೆ.

ಮಾರನೆಯ ದಿನ ಮ್ಯಾನೇಜರ್ ಟ್ರೆಂಟ್ ಬಂದು ಕಪಾಟಿನ ಹಿಂದೆ ಮುಂದೆ ಎಲ್ಲ ಹುಡುಕಿ ಪೆಟ್ಟಿಗೆಗಳನ್ನು ಎದೆಮಟ್ಟದ ಅಂಕಣಕ್ಕೆ ತರಿಸಿದ. "ಈ ಟೋಪಿ ಹಿಂದೆ ಇಷ್ಟೊಂದು ಹೇಗೆ ಸೇರ್ಕೊಂಡ್ವು?" ಅಂತ ಆಶ್ಚರ್ಯಪಟ್ಟ. ಟಲ್ಸಾ ನಗರದಿಂದ ಬಂದವನು, ಒಳ್ಳೆಯವನು, ಬೂಟಿಗೆ ಇನ್ನೂ ಮಣ್ಣು ಹತ್ತಿರಲಿಲ್ಲ. 'ದಾಸ್ತಾನು ಇರುವವರೆಗೆ ಮಾತ್ರ' ಅನ್ನುವ ಹಳದಿ ಹಲಗೆಯನ್ನು ತಾನೇ ನೇತುಹಾಕಿದ.

ಆಮೇಲೆ ಜನ ಬಂದರು. ಚರ್ಚಿಗೂ ಬಾರದವರು ಇಲ್ಲಿಗೆ ಬಂದು ಸಾಲು ನಿಂತರು. ಬೆಳಿಗ್ಗೆಯಿಂದ ಸಂಜೆವರೆಗೆ ನಿಂತು ಬೈಗುಳ ಕೇಳಿ ಕೇಳಿ ನನ್ನ ಪಾದಗಳು ಬೂಟಿನೊಳಗೆ ಊದಿಕೊಂಡವು.

"ನಾಳೆ ಬೆಣ್ಣೆ ಹಚ್ಚೋ ಚಾಕುನೂ ಮಾರಲ್ಲ ಅಂತೀರೇನಮ್ಮ?"

"ನನ್ನನ್ನ ಯಾಕೆ ಕೇಳ್ತೀರಾ? ನಾನು ಚಾಕು ಮಾಡೋಳಲ್ಲ."

"ನಿಮ್ಮ ದೊಡ್ಡವರಿಗೆ ಹೇಳಿ, ಇನ್ಮೇಲೆ ಹಾಲೂ ಬೇರೆ ಕಡೆನೇ ತಗೋತೀವಿ ಅಂತ."

"ಹೇಳ್ತೀನಿ. ಇವತ್ತು ಹಾಲು ಬೇಕಾ?"

"...ಎರಡು ಕ್ಯಾನು ಕೊಡಿ."

ಒಬ್ಬ ಹೆಂಗಸು ಮಾತ್ರ ತನ್ನ ಸರದಿ ಬಂದಾಗ ಏನೂ ಕೊಳ್ಳದೆ, "ಒಳ್ಳೇದಾಯ್ತು ಕಣಮ್ಮ" ಅಂತ ನನ್ನ ಕೈ ಒತ್ತಿ ಹೋದಳು. ನನ್ನ ಕಣ್ಣೆಲ್ಲ ಅಣ್ಣನ ಪಿಸ್ತೂಲಿನ ತೋಟಾಗಳ ಮೇಲೇ ಇತ್ತು. ಬೇರೆಯವು ಕರಗುತ್ತಿದ್ದವು. ಅವನದು ಹಳೇ ಅಳತೆ, ಕೇಳುವವರು ಕಡಿಮೆ. ಬೇಗ ಯಾರಾದರೂ ಕೊಂಡುಹೋಗಲಿ ದೇವರೇ ಅಂತ ಬೇಡಿಕೊಂಡೆ. ಬುಧವಾರ ಸಂಜೆ ಬಾಗಿಲು ಹಾಕುವಾಗಲೂ ಅವು ಅಲ್ಲೇ ಇದ್ದವು, ಗಾಜಿನ ಹಿಂದೆ, ಎದೆಮಟ್ಟದಲ್ಲಿ.

ಗುರುವಾರ ಅಣ್ಣ ಸಾಲಿನಲ್ಲಿ ಬಂದ. ಅವನ ಹಿಂದೆಯೇ ಹೂಬರ್ಟ್ ನಿಂತಿದ್ದ. ದೊಡ್ಡ ಹೊಟ್ಟೆ, ದೊಡ್ಡ ಬಾಯಿ.

"ನಿನ್ನ ನಾಯಿ ನನ್ನ ಹೆಂಡತಿಗಿಂತ ಜಾಸ್ತಿ ಗೊರಕೆ ಹೊಡೆಯುತ್ತೆ ಡೆಲ್ಮರ್" ಅನ್ನುತ್ತಿದ್ದ.

"ಒಂದು ವಾರ ಇಬ್ಬರನ್ನೂ ಹೊರಗೆ ಮಲಗಿಸಿ ನೋಡು."

ಸಾಲಿನಲ್ಲಿದ್ದವರು ನಕ್ಕರು. ಅಣ್ಣ ನಗಲಿಲ್ಲ. ಎಷ್ಟೋ ತಿಂಗಳ ಮೇಲೆ ಅವನ ಬಾಯಲ್ಲಿ ತಮಾಷೆ ಕೇಳಿ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ; ಅವನನ್ನು ಮೇಲಿಂದ ಕೆಳಗೆ ನೋಡಿದೆ. ಬೆಳಿಗ್ಗೆ ಅವನು ಕ್ಷೌರ ಮಾಡಿಕೊಂಡಿದ್ದ. ಅಂಗಿಗೆ ಇಸ್ತ್ರಿ ಹಾಕಿದ್ದ, ವಕ್ರವಾಗಿ. ಎಲ್ಲೋ ಹೊರಟವನ ಹಾಗಿದ್ದ.

ಅವನ ಸರದಿ ಬಂತು. ನನ್ನ ಹೆಗಲಾಚೆಗೆ ನೋಡಿದ. ನೋಡದೆ ಇರುವುದು ಸಾಧ್ಯವೇ ಇರಲಿಲ್ಲ.

"ಬಂದಿದೆ" ಅಂದ.

"ಹೂಂ."

"ಹಾಗಾದ್ರೆ ಒಂದು ಪೆಟ್ಟಿಗೆ ಕೊಡು ರೆಟಾ."

ಬೀಗದ ಕೈ ಹಿಡಿದುಕೊಂಡೆ. ನಾನು ಕೊಡದಿದ್ದರೆ ಟ್ರೆಂಟ್ ಬಂದು ಕೊಡುತ್ತಾನೆ. ಹಿಂದಿನ ಜನ ಕಾಲು ಬದಲಿಸುತ್ತಿದ್ದರು. ಆಗ ನನಗೆ ನಮ್ಮಪ್ಪ ನೆನಪಾದ.

ನಾನೂ ಅಣ್ಣನೂ ಚಿಕ್ಕವರಿದ್ದಾಗ ನೆರೆಯ ಹೊಲದ ಒಬ್ಬಾತನ ಮಗು ದನದ ಕೊಳದಲ್ಲಿ ಮುಳುಗಿಹೋಯಿತು. ಒಂದೆರಡು ವಾರ ಬಿಟ್ಟು ಅಪ್ಪ ನಮ್ಮಿಬ್ಬರನ್ನೂ ಲಾರಿಯಲ್ಲಿ ಕೂರಿಸಿಕೊಂಡು ಅವನ ಮನೆಗೆ ಹೋದ. ನಮ್ಮ ಕೊಟ್ಟಿಗೆಗೆ ಹುಚ್ಚು ನರಿ ಸೇರಿಕೊಂಡಿದೆ, ನಿನ್ನ ಬಂದೂಕು ಸ್ವಲ್ಪ ದಿನ ಕಡ ಕೊಡು ಅಂತ ಕೇಳಿದ. ಆತ ಸುಮ್ಮನೆ ಒಳಗೆ ಹೋಗಿ ತಂದುಕೊಟ್ಟ. ವಾಪಸು ಬರುವಾಗ ಅಣ್ಣ, "ಅಪ್ಪಾ, ನಮ್ಮ ಕೊಟ್ಟಿಗೇಲಿ ನರಿ ಎಲ್ಲಿದೆ?" ಅಂತ ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಇಷ್ಟೇ: "ಕಿತ್ತುಕೊಳ್ಳೋಕೆ ಹೋದ್ರೆ ಕೊಡಲ್ಲ ಮಗಾ. ಕಡ ಕೇಳಿದ್ರೆ ಕೊಡ್ತಾರೆ." ಮುಂದಿನ ವರ್ಷದ ಗೋಧಿ ಕೊಯ್ಲಿನವರೆಗೂ ಆ ಬಂದೂಕು ನಮ್ಮ ಮನೆಯಲ್ಲೇ ಇತ್ತು.

"ಅಣ್ಣ" ಅಂದೆ. "ನಮ್ಮ ಹಿತ್ತಿಲ ಮೆಟ್ಟಿಲ ಕೆಳಗೆ ಬುಡುಬುಡಿಕೆ ಹಾವು ಸೇರ್ಕೊಂಡಿದೆ."

ಅವನು ನನ್ನನ್ನೇ ನೋಡಿದ.

"ದೊಡ್ಡದು. ಬಾಲ ಗಿಲಗಿಲ ಅನ್ನಿಸುತ್ತೆ. ನಿನ್ನ ಪಿಸ್ತೂಲು ಸ್ವಲ್ಪ ದಿನ ಕಡ ಕೊಡ್ತೀಯಾ?"

ಹಿಂದಿನಿಂದ ಹೂಬರ್ಟ್ ಬಾಯಿ ಹಾಕಿದ. "ಅಯ್ಯೋ, ಹಾವಿಗೆ ಯಾರಾದರೂ ಪಿಸ್ತೂಲು ಹುಡುಕ್ತಾರಾ? ಒಂದು ಗುದ್ದಲಿ ತಗೊಂಡು..."

ಅಲ್ಲಿಗೆ ನಿಲ್ಲಿಸಿದ. ನನ್ನ ಮುಖ ನೋಡಿದ. ಆಮೇಲೆ ಅಣ್ಣನ ಬೆನ್ನು ನೋಡಿದ. ಆ ದೊಡ್ಡ ಬಾಯಿ ಅಷ್ಟು ಮೆತ್ತಗೆ ಮುಚ್ಚಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

"...ಅಲ್ಲ, ಈ ವರ್ಷ ಹಾವು ಜಾಸ್ತಿನೇ ಬಿಡು" ಅಂದ. "ನಮ್ಮಲ್ಲೂ ಕಂಡಿತ್ತು. ಗುದ್ದಲಿಗೆಲ್ಲ ಬಗ್ಗೋ ಜಾತಿ ಅಲ್ಲ."

ಅಣ್ಣ ಕೌಂಟರಿನ ಮೇಲೆ ಎರಡೂ ಅಂಗೈ ಊರಿ ನಿಂತಿದ್ದ. ಉಗುರಿನ ಸಂದಿನಲ್ಲಿ ಗ್ರೀಸಿನ ಕಪ್ಪು.

"ರಾಯ್ಸ್ ಹತ್ರ ಬಂದೂಕು ಇಲ್ವಾ? ನಾನೇ ಎರಡು ಕೊಟ್ಟಿದೀನಿ."

"ಅವು ಉದ್ದ ಆಗ್ತವೆ ಅಣ್ಣ. ಮೆಟ್ಟಿಲ ಕೆಳಗೆ ತೂರಲ್ಲ."

ಅಷ್ಟು ಹೇಳುವಷ್ಟರಲ್ಲಿ ನನ್ನ ಕಣ್ಣು ತುಂಬಿಬಂತು. ಅಳುವ ಹೆಂಗಸಿನ ಮುಂದೆ ನಿಂತು ತೋಟಾ ಕೇಳಲು ಅವನಿಗೂ ಆಗಲಿಲ್ಲ ಅಂತ ಕಾಣುತ್ತದೆ. ಟೋಪಿ ಸರಿಮಾಡಿಕೊಂಡು ಸಾಲಿನಿಂದ ಪಕ್ಕಕ್ಕೆ ಸರಿದ. ಪಿಸ್ತೂಲು ಕೊಡುತ್ತೇನೆ ಅನ್ನಲಿಲ್ಲ, ಕೊಡುವುದಿಲ್ಲ ಅಂತಲೂ ಅನ್ನಲಿಲ್ಲ. ಹೂಬರ್ಟ್ ತನ್ನ ಸರದಿ ಬಿಟ್ಟು ಅವನ ಹಿಂದೆಯೇ ಹೋದ.

ಆ ಮಧ್ಯಾಹ್ನ ಹೇಗೆ ಕಳೆಯಿತೋ. ರಸ್ತೆಯ ಆಚೆಗೇ ಗಿರವಿ ಅಂಗಡಿ ಇದೆ; ಅಲ್ಲಿ ಎಲ್ಲ ಅಳತೆಯ ತೋಟಾವೂ ಸಿಗುತ್ತದೆ. ಪ್ರತಿ ಸಲ ಬಾಗಿಲು ತೆರೆದಾಗಲೂ ಆ ಕಡೆ ನೋಡಿದೆ. ಮನೆಗೆ ಬಂದವಳು ಕೈ ಸುಮ್ಮನಿರಬಾರದೆಂದು ಹಂದಿಮಾಂಸ ಹಾಕಿ ಕಾಳು ಬೇಯಲಿಟ್ಟೆ, ಮೆಕ್ಕೆಜೋಳದ ಬ್ರೆಡ್ಡಿಗೆ ಹಿಟ್ಟು ಕಲಸಿದೆ, ಕ್ಯಾಸಿಯ ಶಾಲಾ ಬ್ಯಾಂಡಿನ ಸಮವಸ್ತ್ರದ ಅಂಚು ಹೊಲಿದೆ. ಹೊಲಿದದ್ದು ಉಲ್ಟಾ ಆಯಿತು, ಬಿಚ್ಚಿ ಮತ್ತೆ ಹೊಲಿದೆ.

ಬಿಸಿಲು ಇಳಿಯುವ ಹೊತ್ತಿಗೆ ಅವನ ಗಾಡಿ ಅಂಗಳಕ್ಕೆ ಬಂತು. ಪಕ್ಕದ ಸೀಟಿನಲ್ಲಿ ನಾಯಿ.

"ಹೂಬರ್ಟ್ ವಾಪಸ್ ಕೊಟ್ಟ" ಅಂದ ಅಣ್ಣ. "ಗೊರಕೆಗೆ ಅವನ ಹೆಂಡತಿಗೆ ನಿದ್ದೆ ಇಲ್ವಂತೆ. ಸುಳ್ಳುಬುರುಕ."

ಅತ್ತಿಗೆಯ ಅಡುಗೆಮನೆಯ ಒರೆಸುಬಟ್ಟೆಯಲ್ಲಿ ಸುತ್ತಿದ್ದ ಪಿಸ್ತೂಲನ್ನು ನನ್ನ ಕೈಗೆ ಇಟ್ಟ. ಅದರ ಭಾರಕ್ಕೆ ನನ್ನ ಮಣಿಕಟ್ಟು ಇಳಿಯಿತು. ರಾಯ್ಸ್ ಅದನ್ನು ತೆಗೆದುಕೊಂಡು ಒಳಗೆ ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿದ.

ಅಣ್ಣ ಹಿತ್ತಿಲಿಗೆ ನಡೆದ. ಮಂಡಿಯೂರಿ ಮೆಟ್ಟಿಲ ಕೆಳಗೆ ಬಗ್ಗಿ ನೋಡಿದ. ಅಲ್ಲಿ ಇದ್ದದ್ದು ಕ್ಯಾಸಿಯ ಹಳೇ ಸ್ಕೇಟು, ಒಡೆದ ಹೂಕುಂಡ. ನಾಯಿಯೂ ಮೂಗು ತೂರಿಸಿ ಮೂಸಿತು. ಅವನು ಬಹಳ ಹೊತ್ತು ಹಾಗೇ ನೋಡಿ, ಎದ್ದು ಕೊನೆಯ ಮೆಟ್ಟಿಲ ಮೇಲೆ ಕೂತ. ನಾನೂ ಪಕ್ಕದಲ್ಲಿ ಕೂತೆ.

"ಎದುರಿಗೇ ಗಿರವಿ ಅಂಗಡಿ ಇದೆ ರೆಟಾ. ನನಗೇನು ಗೊತ್ತಿರಲಿಲ್ವಾ?"

"ಗೊತ್ತಿತ್ತು ಅಂತ ನನಗೂ ಗೊತ್ತು."

"ಅಲ್ಲಿ ಹೋದ್ರೆ ಅವನು 'ಇದೆ' ಅಂತಾನೆ." ನಾಯಿಯ ಕಿವಿಯಿಂದ ಒಂದು ಮುಳ್ಳು ಕಿತ್ತು ಎಸೆದ. "ನೀನು ಇಲ್ಲ ಅಂತಿದ್ದೆ. ಇನ್ನೊಂದು ವಾರ ಬದುಕು ಸಾಗ್ತಿತ್ತು."

ಅವನ ಅಂಗಿಯ ಕಾಲರು ಒಂದು ಕಡೆ ಮಡಚಿಕೊಂಡಿತ್ತು, ಸರಿಮಾಡಿದೆ. ನಾಳೆ ಕೆಲಸಕ್ಕೆ ರಜೆ ಹಾಕ್ತೀನಿ, ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ ಅಂದೆ. ಅವನು ನಾಯಿಯ ಇನ್ನೊಂದು ಕಿವಿಯನ್ನು ಮಗುಚಿ ನೋಡಿದ. ಕಾಳು ಸೀಯುವ ವಾಸನೆ ಬಂತು.

"ಅದು ಸೀದುಹೋಗ್ತಿದೆ" ಅಂದ.

"ಸೀದ್ರೂ ತಿನ್ನು ಬಾ."

ತಿಂದ. ಎರಡನೇ ಸಲ ಹಾಕಿಸಿಕೊಂಡು ತಿಂದ. ಆ ರಾತ್ರಿ ಕ್ಯಾಸಿಯ ಕೋಣೆಯಲ್ಲಿ ಅವನಿಗೆ ಹಾಸಿಗೆ ಹಾಸಿದೆ; ನಾಯಿಯ ಗೊರಕೆ ಗೋಡೆಯಾಚೆಗೂ ಕೇಳಿಸಿತು. ಹೂಬರ್ಟ್ ಅಷ್ಟೇನೂ ಸುಳ್ಳು ಹೇಳಿರಲಿಲ್ಲ.

ತೋಟಾ ಮುಗಿದು ಆ ಅಂಕಣ ಖಾಲಿಯಾಯಿತು. ಟ್ರೆಂಟ್ ಅಲ್ಲಿ ಥರ್ಮಾಸ್ ಫ್ಲಾಸ್ಕುಗಳನ್ನು ಜೋಡಿಸಿದ್ದಾನೆ, ಯಾರೂ ಕೊಳ್ಳುವುದಿಲ್ಲ. ಬೈಯುವವರೂ ಸುಸ್ತಾಗಿ ಬೈಯುವುದನ್ನು ಬಿಟ್ಟಿದ್ದಾರೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ಅಣ್ಣ ಕೆಲವು ದಿನ ನುಂಗುತ್ತಾನೆ, ಕೆಲವು ದಿನ ಮರೆಯುತ್ತಾನೆ. ನಾನು ಬೆಳಿಗ್ಗೆ ಫೋನು ಮಾಡುತ್ತೇನೆ. ಗುರುವಾರ ಮಧ್ಯಾಹ್ನ ಈಗಲೂ ನನ್ನ ಕೌಂಟರಿಗೆ ಬರುತ್ತಾನೆ.

"ಹಾವು ಹೋಯ್ತಾ, ರೆಟಾ?"

"ಇಲ್ಲ ಅಣ್ಣ. ಇನ್ನೂ ಅಲ್ಲೇ ಇದೆ."

"ಸರಿ ಬಿಡು" ಅನ್ನುತ್ತಾನೆ. ಕಾಫಿಪುಡಿ ತೆಗೆದುಕೊಂಡು ಮುಂದಿನ ಸಾಲಿಗೆ ಹೋಗುತ್ತಾನೆ.